ಬ್ಯಾಕ್‌ಸ್ಪೇಸ್ ಒತ್ತಿದರೆ ಅರ್ಧ ಅಕ್ಷರ ಮಾತ್ರ ಹೋಗುವುದೇಕೆ?

ಪ್ರಶ್ನೆ: ಬ್ರೌಸರಿನಲ್ಲಿ ಕನ್ನಡ ಬರೆಯುವಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಪೂರ್ತಿ ಹೋಗುವುದಿಲ್ಲ. ಡಿಲೀಟ್ ಒತ್ತಿದರೆ ಪೂರ್ತಿ ಹೋಗುತ್ತದೆ. ಕೀಬೋರ್ಡ್ ಹಾಳಾಗಿದೆಯಾ?

ಕೀಬೋರ್ಡಿಗೆ ಏನೂ ಆಗಿಲ್ಲ. ‘ಮಲ್ಪೆ’ ಅಂತ ಬರೆದು ನೋಡಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತ: ಮ, ಲ, ಅದನ್ನು ಲ್ ಮಾಡುವ ಹಲಂತದ ಗುರುತು, ಪ, ಕೊನೆಗೆ ಎತ್ವ. ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ ಹಿಂದಿನಿಂದ ಒಂದೊಂದೇ ಸಂಕೇತ ಕಳಚುತ್ತದೆ. ಮಲ್ಪೆ ಹೋಗಿ ಮಲ್ಪ, ಆಮೇಲೆ ಮಲ್, ಮಲ, ಮ.

ಇದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ‘ಪೆ’ ಬದಲು ‘ಪಿ’ ಆಗಬೇಕಿದ್ದರೆ ಎತ್ವ ಮಾತ್ರ ತೆಗೆದರೆ ಸಾಕಲ್ವಾ? ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ವಿನ್ಯಾಸಕ್ಕೆ ಬುನಾದಿ. ಅದರಲ್ಲಿ ಮಲ್ಪೆಗೆ ಒತ್ತುವುದೂ ಐದೇ ಕೀಲಿ: ಎಂ, ಎಲ್, ಎಫ್, ಪಿ, ಇ. ಒತ್ತಿದ್ದೂ ಐದು, ಅಳಿಸುವುದೂ ಐದು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಪಟ್ಟಿಯಿಂದ ಪದ ಆರಿಸುವವರಿಗೆ ಈ ಲೆಕ್ಕ ಬೆರಳಿಗೆ ಸಿಗುವುದಿಲ್ಲ. ಕಿರಿಕಿರಿ ಅವರಿಗೇ ಜಾಸ್ತಿ.

ಡಿಲೀಟ್ ಮುಂದಿನಿಂದ ಅಳಿಸುತ್ತದೆ. ‘ಉಡುಪಿ’ಯಲ್ಲಿ ಉ ಆದ ಮೇಲೆ ಕರ್ಸರ್ ಇಟ್ಟು ಒತ್ತಿದರೆ ‘ಡು’ ಇಡಿಯಾಗಿ ಹೋಗುತ್ತದೆ. ಡ ಮಾತ್ರ ಹೋದರೆ ಕೊಂಬು ಯಾರಿಗೆ ಅಂಟಬೇಕು? ಆದರೆ ಒತ್ತಕ್ಷರ ಬಂದಾಗ ಎಲ್ಲ ಬ್ರೌಸರುಗಳೂ ಒಂದೇ ರೀತಿ ನಡೆದುಕೊಳ್ಳುತ್ತವೆ ಅಂತ ನಂಬಬೇಡಿ.

ನನಗೆ ತಲೆನೋವು ಕೊಡುವುದು ಬೇರೆಯೇ. ‘ಸ್ಟೇಟ್‌ಬ್ಯಾಂಕ್’ ಬಸ್ ಸ್ಟ್ಯಾಂಡಿನ ಹೆಸರು ನೋಡಿ. ಟ್ ಕೆಳಗೆ ಬ ಒತ್ತಾಗಿ ಕೂರಬಾರದೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅಳಿಸುತ್ತಾ ಅಲ್ಲಿಗೆ ಬಂದಾಗ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿದರೂ ಏನೂ ಆಗದಂತೆ ಕಾಣುತ್ತದೆ. ಸುಮ್ನೆ ಇನ್ನೊಮ್ಮೆ ಒತ್ತಿ.

ಪದವೇ ಬೇಡವಾದರೆ ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಪೇಸ್ ಒತ್ತಿ. ಜಾಸ್ತಿ ಅಳಿದರೆ ಕಂಟ್ರೋಲ್ ಜಡ್. ಮೊದಲೆಲ್ಲ ಕ್ರೋಮ್‌ನಲ್ಲಿ ಕರ್ಸರ್ ಬರೆಯುವ ಪೆಟ್ಟಿಗೆಯ ಹೊರಗಿದ್ದಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದಿನ ಪುಟಕ್ಕೇ ಹಾರುತ್ತಿತ್ತು. 2016ರಲ್ಲಿ ಅದನ್ನು ತೆಗೆದರು. ಅಷ್ಟರಲ್ಲಿ ನನ್ನದೊಂದು ಉದ್ದದ ಅರ್ಜಿ ಹಾಗೆಯೇ ಹೋಗಿತ್ತು. ಈಗಲೂ ನಾಲ್ಕು ಸಾಲಿಗಿಂತ ಜಾಸ್ತಿ ಇದ್ದರೆ ನೋಟ್‌ಪ್ಯಾಡಿನಲ್ಲಿ ಬರೆದು ಆಮೇಲೆ ಅಂಟಿಸುತ್ತೇನೆ.