ಮಾಡೆಲ್ ಆರಿಸುವ ಮೊದಲು 200 ದಾಖಲೆ ಓದಿ

ಕಂಪ್ಯೂಟರ್‌ನಿಂದ ಪಠ್ಯ ವಿಶ್ಲೇಷಣೆ ಮಾಡಿಸಲು ನೆರವು ಕೇಳಿ ಬರುವ ಸಂಶೋಧಕರು ಒಂದೇ ವಿಭಾಗದವರಲ್ಲ. ವೈದ್ಯರು ಡಿಸ್ಚಾರ್ಜ್ ಸಮ್ಮರಿಗಳನ್ನು ತರುತ್ತಾರೆ, ಅರ್ಥಶಾಸ್ತ್ರದವರು ಕಂಪನಿಗಳ ವಾರ್ಷಿಕ ವರದಿಗಳನ್ನು, ಇತಿಹಾಸದವರು ಸ್ಕ್ಯಾನ್ ಮಾಡಿದ ಹಳೆಯ ಪತ್ರಿಕೆಗಳನ್ನು. ತರುವ ಸರಕು ಬೇರೆಯಾದರೂ ಮೊದಲು ಕೇಳುವುದು ಒಂದೇ: ‘ಇದಕ್ಕೆ ಯಾವ ಮಾಡೆಲ್ ಒಳ್ಳೆಯದು?’ ಮಾಡೆಲ್ ಎಂದರೆ ಉದಾಹರಣೆಗಳಿಂದ ಕಲಿತು ಪಠ್ಯವನ್ನು ವಿಂಗಡಿಸುವ ಕಂಪ್ಯೂಟರ್ ವ್ಯವಸ್ಥೆ. ಇದರಲ್ಲಿ ಎಷ್ಟನ್ನು ನೀವೇ ಕೂತು ಓದಿದ್ದೀರಿ ಎಂಬುದು ನನ್ನ ಮರುಪ್ರಶ್ನೆ. ಬಹುತೇಕರು ಹತ್ತಿಪ್ಪತ್ತನ್ನು ತೆರೆದು ಕಣ್ಣಾಡಿಸಿರುತ್ತಾರೆ, ಅಷ್ಟೇ. ಓದುವುದನ್ನು ಯಂತ್ರಕ್ಕೆ ಒಪ್ಪಿಸುವುದಕ್ಕೆಂದೇ ತಾನೇ ಬಂದದ್ದು ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ಇಂತಹ ಅಧ್ಯಯನಗಳು ಕೆಡುವುದು ಅಲ್ಲಿಯೇ.

ಹಣಕಾಸು ಕ್ಷೇತ್ರದಲ್ಲಿ ಇದಕ್ಕೆ ಸ್ಪಷ್ಟವಾದ ಉದಾಹರಣೆಯೊಂದಿದೆ. ಕಂಪನಿಯ ವರದಿಯ ಧಾಟಿ ಆಶಾದಾಯಕವೋ ನಿರಾಶಾದಾಯಕವೋ ಎಂದು ಅಳೆಯಲು ಸಂಶೋಧಕರು ಬಹುಕಾಲ ಹಾರ್ವರ್ಡ್‌ನ ಪದಪಟ್ಟಿಯೊಂದನ್ನು ಬಳಸುತ್ತಿದ್ದರು. ಅದು ಮನೋವಿಜ್ಞಾನ, ಸಮಾಜವಿಜ್ಞಾನದ ಕೆಲಸಕ್ಕೆಂದು ಸಿದ್ಧವಾದ ಪಟ್ಟಿ. 2011ರಲ್ಲಿ ಹಣಕಾಸು ಸಂಶೋಧಕರಾದ ಟಿಮ್ ಲಫ್ರನ್ ಮತ್ತು ಬಿಲ್ ಮ್ಯಾಕ್‌ಡೊನಾಲ್ಡ್ ಅಮೆರಿಕದ ಕಂಪನಿಗಳ ವಾರ್ಷಿಕ ವರದಿಗಳ ಮೇಲೆ ಅದನ್ನು ಪರೀಕ್ಷಿಸಿದರು. ಆ ಪಟ್ಟಿ ‘ನಕಾರಾತ್ಮಕ’ ಎಂದು ಎಣಿಸಿದ ಪದಗಳಲ್ಲಿ ಸುಮಾರು ಮುಕ್ಕಾಲು ಪಾಲು ಹಣಕಾಸಿನ ಬರಹದಲ್ಲಿ ನಕಾರಾತ್ಮಕವೇ ಅಲ್ಲ ಎಂದು ತೋರಿಸಿದರು. ತೆರಿಗೆ, ವೆಚ್ಚ, ಬಂಡವಾಳ, ಹೊಣೆಗಾರಿಕೆ ಇವೆಲ್ಲ ಲೆಕ್ಕಪತ್ರದಲ್ಲಿ ಬಂದೇ ಬರುವ ಮಾತುಗಳು. ಅದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಕ್ಯಾನ್ಸರ್, ಗಣಿ, ಕಚ್ಚಾತೈಲದಂತಹ ಪದಗಳು. ಔಷಧ ಕಂಪನಿಯ ವರದಿಯಲ್ಲಿ ಕ್ಯಾನ್ಸರ್ ಎಂಬ ಪದ ಹೆಚ್ಚಿದ್ದರೆ ಆ ಕಂಪನಿ ಏನು ತಯಾರಿಸುತ್ತದೆ ಎಂಬುದಷ್ಟೇ ತಿಳಿಯುತ್ತದೆ. ಧಾಟಿ ಅಳೆಯಲು ಹೊರಟವರು ಉದ್ಯಮ ಯಾವುದೆಂಬುದನ್ನು ಅಳೆದುಕೊಂಡು ಬಂದಿರುವ ಸಾಧ್ಯತೆ ಇತ್ತು. ಐವತ್ತು ವರದಿಗಳನ್ನು ಗಮನವಿಟ್ಟು ಓದಿದ ಯಾವ ಲೆಕ್ಕಪರಿಶೋಧಕರೂ ಇದನ್ನು ಮೊದಲೇ ಹೇಳಬಹುದಿತ್ತು.

ಪದಪಟ್ಟಿಗಳ ಕಾಲ ಮುಗಿಯಿತು, ಈಗ ಯಂತ್ರವೇ ಕಲಿಯುತ್ತದೆ ಎನ್ನುವವರಿದ್ದಾರೆ. ಕಲಿಯುತ್ತದೆ, ನಿಜ. ಏನನ್ನು ಕಲಿಯಿತು ಎಂದು ನೋಡಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಅಂತರ್ಜಾಲದ ಸಂದೇಶಗಳಲ್ಲಿ ಕ್ರೈಸ್ತ ಧರ್ಮದ ಚರ್ಚೆಯನ್ನೂ ನಾಸ್ತಿಕವಾದದ ಚರ್ಚೆಯನ್ನೂ ಬೇರ್ಪಡಿಸುವ ಮಾಡೆಲ್ ಒಂದರ ಒಳಹೊಕ್ಕು ನೋಡಿದರು. ಅದರ ನಿಖರತೆ ಶೇ 94. ಆದರೆ ಅದು ನೆಚ್ಚಿಕೊಂಡಿದ್ದ ಪದಗಳಲ್ಲಿ ‘ಪೋಸ್ಟಿಂಗ್’, ‘ಹೋಸ್ಟ್’ ಎಂಬಂಥವು ಇದ್ದವು. ಅವು ಸಂದೇಶದ ತಲೆಭಾಗದಲ್ಲಿ ತಾನಾಗಿ ಸೇರಿಕೊಳ್ಳುವ ಸಾಲುಗಳ ಪದಗಳು. ದೇವರ ಅಸ್ತಿತ್ವದ ಕುರಿತು ಅದು ಏನನ್ನೂ ಓದಿಕೊಂಡಿರಲಿಲ್ಲ. ಎರಡು ಆಸ್ಪತ್ರೆಗಳ ದಾಖಲೆಗಳನ್ನು ಸೇರಿಸಿ ಕಲಿಸುವವರಿಗೂ ಇದೇ ಗಂಡಾಂತರ ಕಾದಿದೆ. ಗಂಭೀರ ಪ್ರಕರಣಗಳೆಲ್ಲ ಒಂದೇ ಆಸ್ಪತ್ರೆಯಿಂದ ಬಂದಿದ್ದರೆ ಯಂತ್ರ ಕಾಯಿಲೆಯನ್ನು ಬಿಟ್ಟು ಆ ಆಸ್ಪತ್ರೆಯ ನಮೂನೆಯ ತಲೆಬರಹವನ್ನು ಕಲಿತುಬಿಡುತ್ತದೆ. ಪರೀಕ್ಷೆಯ ದತ್ತಾಂಶವೂ ಅದೇ ಎರಡು ಆಸ್ಪತ್ರೆಗಳದ್ದಾದ ಕಾರಣ ಅಂಕಿ ಮಾತ್ರ ಸುಂದರವಾಗಿ ಬರುತ್ತದೆ.

ವೈದ್ಯಕೀಯ ಬರಹದ ಮಾತು ಬಂತು. ಇಂತಹ ಟಿಪ್ಪಣಿಯೊಂದನ್ನು ಊಹಿಸಿಕೊಳ್ಳಿ: ‘ಜ್ವರವಿಲ್ಲ, ಕೆಮ್ಮಿಲ್ಲ, ಎದೆನೋವಿಲ್ಲ. ತಂದೆಗೆ ಸಕ್ಕರೆ ಕಾಯಿಲೆ. ಕ್ಷಯ ಇದೆಯೇ ಪರೀಕ್ಷಿಸಿ.’ ಪದಗಳನ್ನು ಹೆಕ್ಕುವ ಯಂತ್ರಕ್ಕೆ ಇಲ್ಲಿ ಐದು ತೊಂದರೆಗಳು ಸಿಗುತ್ತವೆ. ರೋಗಿಗೆ ಅವುಗಳಲ್ಲಿ ಒಂದೂ ಇದೆ ಎಂದು ವೈದ್ಯರು ಬರೆದಿಲ್ಲ. ಇಲ್ಲದ್ದನ್ನು ದಾಖಲಿಸುವುದು ವೈದ್ಯರ ವೃತ್ತಿಧರ್ಮ, ಹೊರಗಿನವರಿಗೆ ಅದು ಹೊಳೆಯುವುದಿಲ್ಲ. 2001ರಲ್ಲಿ ವೆಂಡಿ ಚಾಪ್‌ಮನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ‘ನೆಗ್‌ಎಕ್ಸ್’ ಎಂಬ ವಿಧಾನ ಇಂಗ್ಲಿಷ್ ಟಿಪ್ಪಣಿಗಳಲ್ಲಿ ಇಲ್ಲದ್ದನ್ನು ಇಲ್ಲವೆಂದು ಗುರುತಿಸುವ ಕೆಲಸವನ್ನು ಸರಳವಾಗಿ ಮಾಡಿತು. ‘ಇಲ್ಲ’ ಎಂದು ಸೂಚಿಸುವ ನುಡಿಗಟ್ಟುಗಳ ಒಂದು ಪಟ್ಟಿ, ಅದರ ಆಚೀಚೆ ಕೆಲವೇ ಪದಗಳ ವ್ಯಾಪ್ತಿ, ಅಷ್ಟೇ ಅದರ ಬಂಡವಾಳ. ವೈದ್ಯರು ಹೇಗೆ ಬರೆಯುತ್ತಾರೆ ಎಂದು ಬಲ್ಲವರು ಮಾಡಿದ್ದರಿಂದ ಅಷ್ಟು ಸಾಕಾಯಿತು.

ಅದನ್ನೇ ಕನ್ನಡಕ್ಕೆ ತಂದರೆ ನಡೆಯುವುದಿಲ್ಲ. ‘ಜ್ವರವಾಗಲಿ ಕೆಮ್ಮಾಗಲಿ ಕಳೆದ ತಿಂಗಳಿಂದ ಈವರೆಗೆ ಒಮ್ಮೆಯೂ ಕಾಣಿಸಿಕೊಂಡಿಲ್ಲ’ ಎಂಬಲ್ಲಿ ‘ಇಲ್ಲ’ ಎಂಬುದು ವಾಕ್ಯದ ತುದಿಯಲ್ಲಿ, ಆ ಕೆಲವೇ ಪದಗಳ ವ್ಯಾಪ್ತಿಯಾಚೆ, ಕ್ರಿಯಾಪದದೊಳಗೆ ಕರಗಿದೆ. ಕನ್ನಡದಲ್ಲಿ ‘ಮನೆಯಲ್ಲಿ’, ‘ಮನೆಯಿಂದ’, ‘ಮನೆಗಳಲ್ಲಿಯೂ’ ಎಂಬ ರೂಪಗಳನ್ನು ಬೇರೆಬೇರೆ ಪದಗಳೆಂದು ಎಣಿಸುವ ಕಂಪ್ಯೂಟರ್ ಪ್ರೋಗ್ರಾಮೂ ದಾರಿ ತಪ್ಪಿಸುತ್ತದೆ. ಅದಕ್ಕೂ ಮೊದಲಿನ ತೊಡಕು ಅಕ್ಷರದ್ದು. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ದಾಖಲೆಗಳು ನಮ್ಮಲ್ಲಿ ಇನ್ನೂ ಇವೆ. ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಪರಿವರ್ತಿಸದೆ ಅವನ್ನು ಯಂತ್ರಕ್ಕೆ ಕೊಟ್ಟರೆ ಅದಕ್ಕೆ ಕಾಣುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ದಾಖಲೆ ತೆರೆದು ನೋಡಿದವರಿಗೆ ಒಂದು ನಿಮಿಷದಲ್ಲಿ ಗೊತ್ತಾಗುವ ಸಂಗತಿ ಇದು.

ಓದಿ ಅಂದಾಗ ನಾನು ಹೇಳುವುದು ಒಂದು ಕ್ರಮದ ಓದು. ಸಂಗ್ರಹದ ಎಲ್ಲ ಮೂಲೆಗಳಿಂದ 200 ದಾಖಲೆಗಳನ್ನು ಚೀಟಿ ಎತ್ತಿದಂತೆ ಆರಿಸಿ. ಆ ಕ್ಷೇತ್ರದ ಇಬ್ಬರು ಒಬ್ಬರನ್ನೊಬ್ಬರು ಕೇಳದೆ, ನಿಮ್ಮ ಸಂಶೋಧನೆಯ ಪ್ರಶ್ನೆಗೆ ಪ್ರತಿಯೊಂದರಲ್ಲೂ ಉತ್ತರ ಗುರುತಿಸಲಿ. ಆಮೇಲೆ ಹೋಲಿಸಿ. ಆಕಸ್ಮಿಕವಾಗಿ ಕೂಡಿಬಂದ ಹೊಂದಿಕೆಯನ್ನು ಕಳೆದು ಉಳಿದದ್ದನ್ನು ಅಳೆಯಲು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ‘ಕಪ್ಪಾ’ ಸೂಚ್ಯಂಕ ಇಂದಿಗೂ ಕೆಲಸಕ್ಕೆ ಬರುತ್ತದೆ. ಸೂಚ್ಯಂಕಕ್ಕಿಂತ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇಬ್ಬರೂ ಒಪ್ಪದ ದಾಖಲೆಗಳು. ಹತ್ತು ವರ್ಷದ ಹಿಂದೆ ಸಿಗರೇಟು ಬಿಟ್ಟವರನ್ನು ಧೂಮಪಾನಿಗಳೆಂದು ಎಣಿಸಬೇಕೇ? 2006ರಲ್ಲಿ ಅಮೆರಿಕದ ‘ಐ2ಬಿ2’ ಎಂಬ ವೈದ್ಯಕೀಯ ಮಾಹಿತಿ ಸಂಶೋಧನಾ ಯೋಜನೆ ಡಿಸ್ಚಾರ್ಜ್ ಸಮ್ಮರಿಗಳಿಂದ ಇದನ್ನೇ ಗುರುತಿಸುವ ಸ್ಪರ್ಧೆ ಏರ್ಪಡಿಸಿದಾಗ ಐದು ವರ್ಗಗಳನ್ನು ಮಾಡಬೇಕಾಯಿತು: ಈಗ ಸೇದುವವರು, ಹಿಂದೆ ಸೇದುತ್ತಿದ್ದವರು, ಸೇದುವವರು ಹೌದು ಆದರೆ ಯಾವಾಗೆಂದು ತಿಳಿಯದವರು, ಸೇದದವರು, ಮಾಹಿತಿಯೇ ಇಲ್ಲದವರು. ಪರಿಣತರಿಬ್ಬರು ಪದೇ ಪದೇ ಒಪ್ಪದಿದ್ದರೆ ನಿಮ್ಮ ಪ್ರಶ್ನೆಯೇ ಇನ್ನೂ ಮಾಗಿಲ್ಲ.

ಕ್ಷೇತ್ರದವರ ಕಣ್ಣು ಮತ್ತು ಗಣಿತ ಜೊತೆಗೂಡಿದರೆ ಏನಾಗುತ್ತದೆ ಎಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ಹೇಳುವ ಪ್ರಸಂಗ ‘ಫೆಡರಲಿಸ್ಟ್’ ಲೇಖನಗಳದ್ದು. ಅಮೆರಿಕದ ಸಂವಿಧಾನವನ್ನು ಬೆಂಬಲಿಸಿ 1787-88ರಲ್ಲಿ ಬಂದ 85 ಲೇಖನಗಳಲ್ಲಿ 12ನ್ನು ಬರೆದವರು ಆ ಕಾಲದ ನಾಯಕರಾದ ಹ್ಯಾಮಿಲ್ಟನ್ನರೋ ಮ್ಯಾಡಿಸನ್ನರೋ ಎಂಬ ಜಗಳ ಉಳಿದಿತ್ತು. ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಮೋಸ್ಟೆಲ್ಲರ್ 1941ರಲ್ಲಿ ಗೆಳೆಯರೊಬ್ಬರ ಜೊತೆ ವಾಕ್ಯದ ಸರಾಸರಿ ಉದ್ದ ಎಣಿಸಿ ನೋಡಿದರು. ಹ್ಯಾಮಿಲ್ಟನ್ನರದು 34.55 ಪದ, ಮ್ಯಾಡಿಸನ್ನರದು 34.59. ಆ ದಾರಿ ಅಲ್ಲಿಗೆ ಮುಚ್ಚಿತು. ವರ್ಷಗಳ ನಂತರ ಡಗ್ಲಾಸ್ ಅಡೇರ್ ಎಂಬ ಇತಿಹಾಸಕಾರರು ಸುಳಿವು ಕೊಟ್ಟರು: ಹ್ಯಾಮಿಲ್ಟನ್ ಇಂಗ್ಲಿಷಿನ ‘ವೈಲ್’ ಪದ ಬರೆಯುವ ಕಡೆ ಮ್ಯಾಡಿಸನ್ ಅದೇ ಅರ್ಥದ ‘ವೈಲ್ಸ್ಟ್’ ಎಂದು ಬರೆಯುತ್ತಾರೆ. ಅಲ್ಲಿಂದ ಮೋಸ್ಟೆಲ್ಲರ್ ಮತ್ತು ಡೇವಿಡ್ ವಾಲೆಸ್ ವಿಷಯಕ್ಕೆ ಸಂಬಂಧವಿಲ್ಲದ ಸಣ್ಣಪುಟ್ಟ ಪದಗಳ ಬೆನ್ನುಹತ್ತಿದರು. ‘ಮೇಲೆ’ ಎಂಬರ್ಥದ ‘ಅಪಾನ್’ ಎಂಬುದು ಹ್ಯಾಮಿಲ್ಟನ್ನರಲ್ಲಿ ಸಾವಿರ ಪದಕ್ಕೆ ಸುಮಾರು 3 ಬಾರಿ ಬರುತ್ತದೆ, ಮ್ಯಾಡಿಸನ್ನರಲ್ಲಿ ಅಪರೂಪ. 1964ರಲ್ಲಿ ಪ್ರಕಟವಾದ ಅವರ ಲೆಕ್ಕಾಚಾರ ಹನ್ನೆರಡೂ ಲೇಖನಗಳನ್ನು ಮ್ಯಾಡಿಸನ್ನರ ಕಡೆಗೆ ವಾಲಿಸಿತು. ಹಳೆಯ ಕಾಗದಗಳನ್ನು ಓದಿ ಓದಿ ಪಳಗಿದವರೊಬ್ಬರ ಕಿವಿ ಇಲ್ಲದಿದ್ದರೆ ಎಲ್ಲಿ ಹುಡುಕಬೇಕೆಂದು ಗಣಿತಕ್ಕೆ ತಿಳಿಯುತ್ತಿರಲಿಲ್ಲ.

ಈಗ ಚಾಟ್‌ಜಿಪಿಟಿಯಂತಹ ದೊಡ್ಡ ಭಾಷಾ ಮಾಡೆಲ್‌ಗಳಿಗೆ ಸೂಚನೆ ಬರೆದುಕೊಟ್ಟರೆ ಸಾವಿರಾರು ದಾಖಲೆಗಳಿಗೆ ತಾವೇ ಉತ್ತರ ಗುರುತಿಸುತ್ತವೆ. ನಾನೂ ಬಳಸುತ್ತೇನೆ, ಬಳಸಿ ಎಂದೂ ಹೇಳುತ್ತೇನೆ. ಮನುಷ್ಯರು ಗುರುತಿಸಿದ ಆ 200ರಲ್ಲಿ ಅರ್ಧವನ್ನು ನೋಡಿಕೊಂಡು ಸೂಚನೆಯನ್ನು ತಿದ್ದಿ. ಉಳಿದರ್ಧವನ್ನು ಕೊನೆಯವರೆಗೂ ಮುಟ್ಟಬೇಡಿ, ಅಂತಿಮ ಪರೀಕ್ಷೆ ಅದರ ಮೇಲೆಯೇ ನಡೆಯಲಿ. ಪ್ರಬಂಧದಲ್ಲಿ ಒಟ್ಟು ನಿಖರತೆಯ ಒಂದೇ ಅಂಕಿ ಕೊಟ್ಟು ಮುಗಿಸಬೇಡಿ. ಯಾವ ಆಸ್ಪತ್ರೆಯ, ಯಾವ ದಶಕದ, ಯಾವ ಭಾಷೆಯ ದಾಖಲೆಗಳಲ್ಲಿ ಎಷ್ಟು ತಪ್ಪಾಯಿತು ಎಂಬುದನ್ನು ಬಿಡಿಸಿ ಬರೆಯಿರಿ, ತಪ್ಪಿದ ಕೆಲವು ವಾಕ್ಯಗಳನ್ನು ಹೆಸರು, ಗುರುತು ತೆಗೆದು ಇದ್ದಂತೆಯೇ ಅಚ್ಚುಮಾಡಿ. ನಿಮ್ಮ ನಂತರ ಅದೇ ಸಂಗ್ರಹಕ್ಕೆ ಕೈಹಾಕುವವರು ಮೊದಲು ನೋಡುವುದು ಆ ಪುಟವನ್ನೇ.