ಹೊಗೆಯಿಲ್ಲದ ಹೊಗೆಸೊಪ್ಪು

ಅಂಕೋಲೆಯ ಅಕ್ಕನ ಮನೆಯಲ್ಲಿ ಕಳೆದ ಮಳೆಗಾಲದಲ್ಲಿ ನಡೆದದ್ದು. ಒಗೆಯಲು ಹಾಕಿದ್ದ ಮಗನ ಸಮವಸ್ತ್ರದ ಜೇಬಿನಲ್ಲಿ ಬೆರಳುದ್ದದ ಚಪ್ಪಟೆ ವಸ್ತುವೊಂದು ಸಿಕ್ಕಿತು. ಪೆನ್ ಡ್ರೈವ್ ಇರಬೇಕೆಂದುಕೊಂಡ ಅಕ್ಕ ಅದನ್ನು ಸೆರಗಿನಿಂದ ಒರೆಸಿ, ಅವನ ಪುಸ್ತಕಗಳ ಮೇಲೆ ಜೋಪಾನವಾಗಿ ಇಟ್ಟಳು. ಎರಡು ದಿನ ಬಿಟ್ಟು ನಾನು ಹೋದಾಗ, "ನೋಡು ತಮ್ಮ, ಇದಕ್ಕೆ ಮಾವಿನ ಹಣ್ಣಿನ ವಾಸನೆ ಇದೆ, ಏನಿದು?" ಎಂದು ಕೈಗಿತ್ತಳು. ಕರಿ ಇಶಾಡ ಮಾವು ತಿಂದು ಬೆಳೆದವನಿಗೆ ಅದು ಮಾವಲ್ಲ, ಎಸೆನ್ಸ್ ಎಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಅದು ಇ-ಸಿಗರೇಟು. ಹುಡುಗ ಓದುತ್ತಿರುವುದು ಹತ್ತನೆಯ ತರಗತಿ.

"ಬೀಡಿ ಸೇದಿದ್ದರೆ ಬಾಯಿಯ ವಾಸನೆಯಲ್ಲೇ ಗೊತ್ತಾಗುತ್ತಿತ್ತಲ್ಲ" ಎಂದು ಅಕ್ಕ ಕುಸಿದು ಕುಳಿತಳು.

ಈ ಸಾಧನದಲ್ಲಿ ಏನೂ ಉರಿಯುವುದಿಲ್ಲ. ಬ್ಯಾಟರಿಯಿಂದ ಪುಟ್ಟ ತಂತಿಸುರುಳಿಯೊಂದು ಕಾಯುತ್ತದೆ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕ ಮತ್ತು ನಿಕೋಟಿನ್ ಬೆರೆತ ದ್ರವ ಆ ಶಾಖಕ್ಕೆ ಸೂಕ್ಷ್ಮ ಹನಿಗಳ ಮಂಜಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಲೆ ಸುಡುವಾಗ ಹುಟ್ಟುವ ಟಾರ್ ಇಲ್ಲಿಲ್ಲ. ಹತ್ತಾರು ವರ್ಷಗಳಿಂದ ಸಿಗರೇಟು ಸೇದುತ್ತಿರುವವರು ಅದನ್ನು ಪೂರ್ತಿ ಬಿಟ್ಟು ಇದಕ್ಕೆ ಬಂದರೆ ಅವರ ದೇಹಕ್ಕೆ ಸೇರುವ ವಿಷ ಕಡಿಮೆಯಾಗುತ್ತದೆ ಎಂಬುದೂ ನಿಜ. ಆದರೆ ಇದನ್ನು ಹಿಡಿಯುವ ಮೊದಲು ನನ್ನ ಸೋದರಳಿಯ ಸಿಗರೇಟು ಮುಟ್ಟಿದವನೇ ಆಗಿರಲಿಲ್ಲ. ಅದುವರೆಗೆ ಅವನ ಎದೆಗೆ ಹೋಗುತ್ತಿದ್ದದ್ದು ಕಡಲ ಗಾಳಿ. ಹೋಲಿಸಬೇಕಾದದ್ದು ಅದರೊಂದಿಗೆ.

ನಿಕೋಟಿನ್ ಹೊಗೆಸೊಪ್ಪಿನ ಗಿಡ ಕೀಟಗಳನ್ನು ದೂರವಿಡಲು ತಯಾರಿಸಿಕೊಂಡ ವಿಷ; ತರಕಾರಿ ಬೆಳೆಯುವವರು ಗಿಡದ ಹೇನಿಗೆ ಹೊಗೆಸೊಪ್ಪಿನ ಕಷಾಯ ಸಿಂಪಡಿಸುವುದು ಇದೇ ಕಾರಣಕ್ಕೆ. ಸಿಗರೇಟಿನ ಹೊಗೆ ಮೊದಲ ಸಲ ಗಂಟಲಿಗೆ ಇಳಿದಾಗ ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಎಷ್ಟೋ ಮಕ್ಕಳನ್ನು ಆ ಕೆಮ್ಮೇ ಹೊಸ್ತಿಲಿನಿಂದ ಹಿಂದಕ್ಕೆ ಕಳಿಸಿದೆ. ಹೊಸ ಸಾಧನಗಳು ಆ ಕಾವಲುಗಾರನನ್ನೇ ತೆಗೆದುಹಾಕಿದವು. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಸೇರಿಸಿ ಲವಣವಾಗಿಸಿದರೆ ಅದರ ಕ್ಷಾರಗುಣ ತಗ್ಗಿ ಗಂಟಲು ಅಷ್ಟಾಗಿ ಉರಿಯುವುದಿಲ್ಲ, ಪ್ರಮಾಣವನ್ನು ಏರಿಸಿದರೂ ನುಣ್ಣಗೆ ಇಳಿಯುತ್ತದೆ. 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಜೂಲ್ ಎಂಬ ಸಾಧನದ ಒಂದು ಪುಟ್ಟ ಕೊಳವೆಯಲ್ಲಿ ಹೆಚ್ಚುಕಡಿಮೆ ಒಂದು ಪ್ಯಾಕು ಸಿಗರೇಟಿನಷ್ಟು ನಿಕೋಟಿನ್ ಇತ್ತು. 2019ರ ಹೊತ್ತಿಗೆ ಅಲ್ಲಿನ ಪ್ರೌಢಶಾಲಾ ಮಕ್ಕಳಲ್ಲಿ ಶೇ. 27.5ರಷ್ಟು ಮಂದಿ ಇ-ಸಿಗರೇಟು ಸೇದುತ್ತಿದ್ದರು. 2024ರಲ್ಲಿ ಅದು ಶೇ. 7.8ಕ್ಕೆ ಇಳಿದಿದೆ.

ಎಳೆದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್‌ಗೆಂದು ನರಕೋಶಗಳ ಮೇಲೆ ಇರುವ ಗ್ರಾಹಕಗಳಲ್ಲಿ (ಸಂದೇಶ ಹಿಡಿಯುವ ತಾಣಗಳಲ್ಲಿ) ಕುಳಿತು, ಹಿತವೆನಿಸುವ ರಾಸಾಯನಿಕ ಡೋಪಮಿನ್ ಹರಿಸುತ್ತದೆ. ದಿನವೂ ಹೀಗಾದರೆ ಆ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಹೆಚ್ಚಿದಷ್ಟೂ ಹಸಿದ ಬಾಯಿಗಳು. ಬೇಕು ಎಂಬುದನ್ನು ಬೇಡ ಎಂದು ತಡೆಯುವ ಮುಂಮಿದುಳು ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಹದಿನೈದರ ಹುಡುಗನಿಗೆ ಮನಸ್ಸು ಗಟ್ಟಿಯಿಲ್ಲ ಎಂದು ಬೈಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇದು ಸಿಗರೇಟಿಗೆ ದಾರಿಯೇ? ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇ-ಸಿಗರೇಟಿನ ರುಚಿ ನೋಡಿದ್ದ ಕಿರಿಯರಲ್ಲಿ ಶೇ. 30.4 ಮಂದಿ ಮುಂದೆ ಸಿಗರೇಟು ಹಚ್ಚಿದ್ದರು, ನೋಡದವರಲ್ಲಿ ಶೇ. 7.9. ಇದಕ್ಕೆ ಆಕ್ಷೇಪವೂ ಇದೆ: ಇ-ಸಿಗರೇಟು ಸೇದುವ ಮಕ್ಕಳು ಹೇಗಿದ್ದರೂ ಸಿಗರೇಟನ್ನೂ ಸೇದುವ ಸ್ವಭಾವದವರಿರಬಹುದು, ಅಮೆರಿಕದಲ್ಲಂತೂ ಅದೇ ವರ್ಷಗಳಲ್ಲಿ ಹದಿಹರೆಯದವರ ಧೂಮಪಾನ ಇಳಿಯುತ್ತಲೇ ಇತ್ತು. ತೂಕದ ಆಕ್ಷೇಪವೇ. ಆದರೂ ಮನೆಯಲ್ಲಿ ಸೇದುವವರಿದ್ದಾರೆಯೇ, ಗೆಳೆಯರು ಸೇದುತ್ತಾರೆಯೇ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಅಳಿಯಲಿಲ್ಲ.

ನಮ್ಮ ಕರಾವಳಿಯಲ್ಲಿ ಈ ದಾರಿ ಇನ್ನೂ ಇಳಿಜಾರು ಎಂದು ನನಗನಿಸುತ್ತದೆ. ಇ-ಸಿಗರೇಟಿನ ಮಾರಾಟ ಕರ್ನಾಟಕದಲ್ಲಿ 2016ರಿಂದ, ದೇಶಾದ್ಯಂತ 2019ರಿಂದ ನಿಷಿದ್ಧ. ಕದ್ದು ತರಿಸಿದ್ದು ಮುಗಿದರೆ ಮತ್ತೊಂದು ಬೇಗ ಸಿಗುವುದಿಲ್ಲ, ಹಣವೂ ಬಹಳ ಬೇಕು. ಗೂಡಂಗಡಿಯ ಸಿಗರೇಟು ಹಾಗಲ್ಲ. 21 ತುಂಬದವರಿಗೆ ಮಾರಬಾರದು, ಬಿಡಿಯಾಗಿ ಮಾರಬಾರದು ಎಂಬ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದ್ದರೂ ಬಿಡಿ ಸಿಗರೇಟು ಕೈಬದಲಾಗುವುದನ್ನು ನಾನೇ ಕಂಡಿದ್ದೇನೆ. ಅಷ್ಟೂ ಬೇಡವೆಂದರೆ ಜಗಲಿಯಲ್ಲಿ ಅಜ್ಜನ ಕವಳದ (ಎಲೆ-ಅಡಿಕೆಯ) ಬಟ್ಟಲಿದೆ, ಅದರಲ್ಲಿ ಹೊಗೆಸೊಪ್ಪಿದೆ. ಹಸಿದ ಗ್ರಾಹಕಗಳು ನಿಕೋಟಿನ್ ಎಲ್ಲಿಂದ ಬಂತೆಂದು ಕೇಳುವುದಿಲ್ಲ.

ಹುಡುಗ ಸುಳ್ಳು ಹೇಳಲಿಲ್ಲ. ಬೇಸಿಗೆ ರಜೆಯಲ್ಲಿ ದ್ರವ ಮುಗಿದಾಗ ಎರಡು ಸಲ ಸಿಗರೇಟು ಸೇದಿದ್ದನಂತೆ. "ಅಂದುಕೊಂಡಷ್ಟು ಕೆಮ್ಮು ಬರಲಿಲ್ಲ ಮಾವ" ಎಂದ. ಆ ಮಾತು ಕೇಳಿ ನನಗೆ ನಿಜಕ್ಕೂ ಭಯವಾಯಿತು. ತಂಬಾಕು ಬಿಡಲು ನೆರವಾಗುವ ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಅವನ ಕೈಯಲ್ಲೇ ಕರೆ ಮಾಡಿಸಿದೆವು, ಕನ್ನಡದಲ್ಲಿಯೇ ಮಾತನಾಡಿದರು. ಬಿಟ್ಟ ಮೊದಲ ವಾರ ತಲೆನೋವು, ಸಿಡುಕು, ಏಕಾಗ್ರತೆಯಿಲ್ಲದಿರುವುದು ಜೋರಾಗಿರುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತದೆ.

ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ನಾಲ್ಕು ವಾರಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದಳು. ಅಷ್ಟು ದಿನ ಅವನು ಸಿಡುಕಿದರೆ ಯಾರೂ ತಿರುಗಿ ಗದರಬಾರದೆಂದು ಮನೆಯವರಿಗೆಲ್ಲ ಹೇಳಿದಳು. ಕವಳದ ಬಟ್ಟಲನ್ನು ಒಳಗಿಡಿ ಎಂದು ಮಾವನವರಿಗೂ ಹೇಳಿದಳು.