ಹಳೆಯ ಮೋಟರ್‌ಹೋಮ್: ಮೊದಲು ತೂಕ, ಆಮೇಲೆ ಟೈರ್

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್, ಅಂದರೆ ಒಳಗೇ ಮನೆ ಇರುವ ಗಾಡಿ, ಕೊಂಡ ನಮ್ಮವರು ನಮ್ಮಂಥ ಟೈರ್ ಅಂಗಡಿಗೆ ಬಂದು ಮೊದಲು ಕೇಳುವುದು, "ಗ್ರಿಪ್ ಇನ್ನೂ ಚೆನ್ನಾಗಿದೆ, ಬದಲಿಸಲೇಬೇಕಾ?" ಅಂತ. ಗ್ರಿಪ್ ಚೆನ್ನಾಗಿಯೇ ಇರುತ್ತದೆ. ಈ ಗಾಡಿ ರಸ್ತೆಗೆ ಇಳಿಯುವುದು ಕಡಿಮೆ, ಬಿಸಿಲಲ್ಲಿ ನಿಲ್ಲುವುದೇ ಜಾಸ್ತಿ, ಅದಕ್ಕೇ ಟೈರ್ ಸವೆಯುವ ಮೊದಲೇ ಹಳತಾಗುತ್ತದೆ. ಓಜೋನ್‌ನಿಂದ ಕಾಪಾಡಲು ರಬ್ಬರಿಗೆ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ, ಗಾಡಿ ಓಡುತ್ತಿದ್ದರೆ ಅದು ಹೊರಮೈಗೆ ಬರುತ್ತಾ ಇರುತ್ತದೆ, ಸುಮ್ನೆ ನಿಂತರೆ ಅಷ್ಟು ಬರುವುದಿಲ್ಲ, ಟೈರಿನ ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಶುರುವಾಗುತ್ತದೆ.

ವಯಸ್ಸು ಟೈರ್ ಮೇಲೇ ಬರೆದಿದೆ. ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2316 ಅಂದರೆ 2016ರ 23ನೇ ವಾರ. ಈ ಅಂಕಿ ಒಳಬದಿಯಲ್ಲೂ ಇರಬಹುದು, ಟಾರ್ಚ್ ಹಿಡಿದು ಗಾಡಿ ಕೆಳಗೆ ಬಗ್ಗಿ ನೋಡಿ. ಸ್ಟೆಪ್ನಿ ಮರೆಯಬೇಡಿ. 10 ವರ್ಷ ಆದರೆ ಗ್ರಿಪ್ ಹೇಗೇ ಇರಲಿ ತೆಗೆಯಿರಿ ಅಂತ ಮಿಶ್ಲಿನ್ ಕಂಪನಿ ಹೇಳುತ್ತದೆ. ನಾನು 7ಕ್ಕೇ ತೆಗೆಯಲು ಹೇಳುತ್ತೇನೆ. ಹಿಂದಿನ ಟೈರ್ ಸಿಡಿದರೆ ಕಿತ್ತುಬಂದ ರಬ್ಬರ್ ಪಟ್ಟಿಗಳು ಮೇಲಿನ ತೆಳು ನೆಲ, ವೈರಿಂಗ್, ಪೈಪುಗಳನ್ನೆಲ್ಲ ಕಿತ್ತುಹಾಕಬಹುದು, ಒಳಗೆ ಮಕ್ಕಳು ಕೂತಿರುತ್ತಾರೆ ಅಲ್ವಾ?

ಈಗ ತೂಕ. ಫೋರ್ಡ್ ಇ-450 ವ್ಯಾನಿನ ಚಾಸಿ ಮೇಲೆ ಕಟ್ಟಿದ ಮೋಟರ್‌ಹೋಮ್‌ಗಳಿಗೆ ಸಾಮಾನ್ಯವಾಗಿ ಎಲ್‌ಟಿ225/75ಆರ್16 ಅಳತೆಯ, ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಇ ಟೈರ್ ಇರುತ್ತದೆ. 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿಯಲ್ಲಿ ಒಂಟಿ ಟೈರ್ 2,680 ಪೌಂಡ್ ಹೊರುತ್ತದೆ. ಹಿಂದೆ ಎರಡೂ ಪಕ್ಕ ಜೋಡಿಯಾಗಿ ಹಾಕಿದಾಗ ಒಂದೊಂದಕ್ಕೆ 2,470, ನಾಲ್ಕೂ ಸೇರಿ 9,880. ಹಿಂದಿನ ಆಕ್ಸಲ್‌ನ ಮಿತಿ 9,500ರ ಆಸುಪಾಸು, ಅಂದರೆ ಆಕ್ಸಲ್ ಪೂರ್ತಿ ತುಂಬಿದರೆ ಟೈರಿಗೆ ಉಳಿಯುವುದು ಬರೀ ನಾನೂರು ಪೌಂಡಿನಷ್ಟು. ಇದರ ಮೇಲೆ ಹಿಂದಿನ ಮಾಲೀಕರು ಬ್ಯಾಟರಿ, ಸೋಲಾರ್, ಕಪಾಟು ಅಂತ ಏನೇನು ಸೇರಿಸಿದ್ದಾರೋ. 40 ಗ್ಯಾಲನ್ ನೀರೇ 330 ಪೌಂಡ್. ಜನರೇಟರ್, ಫ್ರಿಜ್, ನೀರಿನ ಟ್ಯಾಂಕ್ ಒಂದೇ ಪಕ್ಕಕ್ಕೆ ಬಿದ್ದಿದ್ದರೆ ಆ ಪಕ್ಕದ ಟೈರ್ ಮಿತಿ ಮೀರಿರಬಹುದು, ಆಕ್ಸಲ್ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಹಾಗಾಗಿ ಟೈರ್ ಕೊಳ್ಳುವ ಮೊದಲು ನೀರು, ಪೆಟ್ರೋಲ್, ಸಾಮಾನು, ಜನ ಎಲ್ಲ ತುಂಬಿಕೊಂಡು ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಅನ್ನುವ ತೂಕದ ಕಟ್ಟೆ ಮೇಲೆ ಹತ್ತಿಸಿ. ಮುಂದಿನ, ಹಿಂದಿನ ಆಕ್ಸಲ್ ತೂಕ ಬೇರೆಬೇರೆಯಾಗಿ ಸಿಗುತ್ತದೆ. ಎಡಪಕ್ಕ, ಬಲಪಕ್ಕದ ತೂಕ ಬೇರೆಬೇರೆ ಸಿಗುವ ಕಡೆ ಹೋದರೆ ಇನ್ನೂ ಒಳ್ಳೆಯದು. ಆ ಚೀಟಿ ತಂದರೆ ನಮಗೂ ಸರಿಯಾಗಿ ಹೇಳಲು ಬರುತ್ತದೆ.

ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿರುವ ಲೋಡ್ ರೇಂಜ್‌ಗಿಂತ ಕೆಳಗೆ ಇಳಿಯಲೇಬೇಡಿ. ಎಸ್‌ಟಿ (ST) ಅಂತ ಬರೆದ ಟೈರ್ ಅಗ್ಗಕ್ಕೆ ಸಿಕ್ಕರೂ ಬೇಡ, ಅದು ಎಳೆದುಕೊಂಡು ಹೋಗುವ ಟ್ರೇಲರಿಗೆ ಮಾಡಿದ್ದು. ಇನ್ನೂ ಹೆಚ್ಚಿನ ಲೋಡ್ ರೇಂಜ್ ಹಾಕಿಸುವ ಆಸೆ ಇದ್ದರೆ ಚಕ್ರ ಅಷ್ಟು ಗಾಳಿ ತಡೆಯುತ್ತದಾ ಅಂತ ಮೊದಲು ಕೇಳಿ, ಹಳೆಯ ಚಕ್ರಗಳಿಗೂ ಒಂದು ಮಿತಿ ಇರುತ್ತದೆ.

ಹಿಂದಿನ ಜೋಡಿಯಲ್ಲಿ ಒಂದು ಹಳೆಯದು, ಒಂದು ಹೊಸದು ಹಾಕಿಸಿ ದುಡ್ಡು ಉಳಿಸಬೇಡಿ. ಸುತ್ತಳತೆ ಜಾಸ್ತಿ ಇರುವ ಟೈರೇ ಜಾಸ್ತಿ ಭಾರ ಹೊತ್ತು ಬಿಸಿಯಾಗುತ್ತದೆ. ರಬ್ಬರ್ ವಾಲ್ವ್ ತೆಗೆಸಿ ಲೋಹದ್ದು ಹಾಕಿಸಿ. ಒಳಗಿನ ಟೈರಿನ ವಾಲ್ವ್ ಕೈಗೆ ಎಟುಕದಿದ್ದರೆ ಯಾರೂ ಅದರ ಗಾಳಿ ನೋಡುವುದಿಲ್ಲ, ಅದು ಎಟುಕುವ ಹಾಗೆ ಮಾಡಿಸಿಕೊಳ್ಳದೆ ಅಂಗಡಿ ಬಿಡಬೇಡಿ. ಎಷ್ಟು ಭಾರಕ್ಕೆ ಗಾಳಿ ಎಷ್ಟು ಅನ್ನುವುದು ಟೈರ್ ಕಂಪನಿಯ ಲೋಡ್ ಟೇಬಲ್‌ನಲ್ಲಿ ಸಿಗುತ್ತದೆ. ಭಾರವಾದ ಪಕ್ಕದ ಲೆಕ್ಕ ಹಿಡಿದು ಆ ಆಕ್ಸಲ್‌ನ ಎಲ್ಲ ಟೈರಿಗೂ ಅಷ್ಟೇ ಹಾಕಿ, ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗಲೇ ಅಳೆಯಿರಿ. ಟೈರ್ ಹಾಕಿಸಿದ ಮೇಲೆ ನೂರು ಮೈಲಿ ಓಡುವುದರೊಳಗೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ಬಿಗಿ ಮಾಡಿಸಿ.